ಬಿಪಿಎಂ ಕೂಡಿದೆ, ಕೀ ಕೂಡಿದೆ. ಹಾಡು ಯಾಕೆ ಕೂಡುತ್ತಿಲ್ಲ?

ಪ್ರಶ್ನೆ: ನಾನು ಮಂಡ್ಯದವನು. ಮದುವೆಯ ಹಿಂದಿನ ರಾತ್ರಿಯ ಪಾರ್ಟಿಗಳಲ್ಲಿ, ಕಾಲೇಜು ಫೆಸ್ಟುಗಳಲ್ಲಿ, ಆಗೀಗ ಮೈಸೂರಿನ ಕೆಫೆಗಳಲ್ಲಿ ಡಿಜೆಯಾಗಿ ಹೌಸ್ ಎಂಬ ಕುಣಿತದ ಸಂಗೀತ ಪ್ಲೇ ಮಾಡುತ್ತೇನೆ. ಮೊನ್ನೆ ಒಂದು ಛತ್ರದಲ್ಲಿ 120 ಬಿಪಿಎಂನ (ನಿಮಿಷಕ್ಕೆ 120 ಬೀಟಿನ) ಟ್ರ್ಯಾಕನ್ನು 124ಕ್ಕೆ ಏರಿಸಿ, 124ರದ್ದೇ ಆದ ಇನ್ನೊಂದಕ್ಕೆ ಸೇರಿಸಿದೆ. ಸಾಫ್ಟ್‌ವೇರ್ ಎರಡರ ಕೀಯನ್ನೂ, ಅಂದರೆ ಹಾಡಿನ ಆಧಾರ ಸ್ವರ ಮತ್ತು ಸ್ವರಗುಂಪನ್ನು, 8ಎ ಎಂದು ತೋರಿಸುತ್ತಿತ್ತು. ಬೀಟ್ ಕೂಡಿತು, ಆದರೆ ಬಾಸ್ ಗುಂಯ್‌ಗುಡತೊಡಗಿತು. ಪಿಟೀಲು ಕಲಿತ ಗೆಳೆಯ ‘ಶ್ರುತಿ ಸೇರಿಲ್ಲ ಕಣೋ’ ಅಂದ. ವೇಗ ಬದಲಿಸಿದರೂ ಶ್ರುತಿ ಬದಲಾಗದಂತೆ ಹಿಡಿಯುವ ಕೀ ಲಾಕ್ ಹಾಕಿದರೆ ಕಿಕ್, ಅಂದರೆ ಡ್ರಮ್ಮಿನ ದಪ್ಪ ಪೆಟ್ಟು, ಕೆಡುತ್ತದೆ ಅಂತ ಯಾರೋ ಹೇಳಿದ್ದರಿಂದ ಅದನ್ನು ಆಫ್ ಮಾಡಿಯೇ ಇಡುತ್ತೇನೆ. ತಪ್ಪು ಎಲ್ಲಿದೆ? ಕೀ ಹೊಂದದ ಹಾಡುಗಳನ್ನು ಒಂದರ ಹಿಂದೊಂದು ಹಾಕಲೇಬಾರದೇ? ಕನ್ನಡದ ದನಿಯನ್ನು ಹೌಸ್ ಜೊತೆ ಸೇರಿಸುವುದು ಹೇಗೆ? ಚಿಕ್ಕಂದಿನಲ್ಲಿ ವರ್ಣದವರೆಗೆ ಸಂಗೀತ ಕಲಿತಿದ್ದೇನೆ. ಆ ಭಾಷೆಯಲ್ಲಿ ಹೇಳಿದರೂ ಆದೀತು.

ಉತ್ತರ: ನಿಮ್ಮ ಗೆಳೆಯನ ಕಿವಿ ಸರಿ. ಸಾಫ್ಟ್‌ವೇರೂ ಸುಳ್ಳು ಹೇಳಿಲ್ಲ. ಪರದೆಯ ಮೇಲೆ ಕಂಡ 8ಎ ಆ ಫೈಲು ತನ್ನ ಮೂಲ ವೇಗದಲ್ಲಿ ಓಡುವಾಗಿನ ಕೀ. ಕೀ ಲಾಕ್ ಇಲ್ಲದೆ ನೀವು ವೇಗ ಬದಲಿಸಿದ ಕ್ಷಣದಿಂದ ಆ ಸಂಖ್ಯೆಗೂ ಸ್ಪೀಕರಿನಿಂದ ಬರುವ ನಾದಕ್ಕೂ ಸಂಬಂಧ ತಪ್ಪಿತು.

ಲೆಕ್ಕ ನೋಡಿ. 120ರಿಂದ 124ಕ್ಕೆ ಹೋಗುವುದೆಂದರೆ ವೇಗವನ್ನು ಶೇಕಡಾ 3.3ರಷ್ಟು ಏರಿಸುವುದು. ಕೀ ಲಾಕ್ ಇಲ್ಲದಿದ್ದರೆ ಶ್ರುತಿಯೂ ಅಷ್ಟೇ ಏರುತ್ತದೆ. ಒಂದು ಸ್ವರಸ್ಥಾನದಿಂದ ಪಕ್ಕದ ಸ್ವರಸ್ಥಾನಕ್ಕೆ, ಅಂದರೆ ಒಂದು ಸೆಮಿಟೋನಿಗೆ, ಬೇಕಾದ ಏರಿಕೆ ಶೇಕಡಾ 5.95. ಆ ಅಂತರವನ್ನು 100 ಸೆಂಟ್ ಎಂದು ಭಾಗ ಮಾಡಿದರೆ ಶೇಕಡಾ 1ರ ಏರಿಕೆಗೆ ಸುಮಾರು 17 ಸೆಂಟ್. ನಿಮ್ಮ ಟ್ರ್ಯಾಕು 57 ಸೆಂಟ್ ಮೇಲೆ ಹೋಗಿ ಕೂತಿದೆ. ಅದು ಈಗ ಎ ಮೈನರೂ (8ಎ) ಅಲ್ಲ, ಬಿ ಫ್ಲ್ಯಾಟ್ ಮೈನರೂ ಅಲ್ಲ. ಎರಡರ ನಡುವೆ ನಿಂತಿದೆ. ಕೀಗಳಿಗೆ 8ಎಯಂಥ ಅಂಕಿ ಕೊಡುವ ಕ್ಯಾಮೆಲಾಟ್ ಚಕ್ರದಲ್ಲಿ ಅದಕ್ಕೆ ಸಂಖ್ಯೆಯೇ ಇಲ್ಲ.

ಬಾಸ್ ಗುಂಯ್‌ಗುಟ್ಟಿದ್ದು ಇದರಿಂದಲೇ. ಎ ಸ್ವರದ ಕೆಳಗಿನ ಬಾಸ್ 55 ಹರ್ಟ್ಜ್. ಶೇಕಡಾ 3.3 ಏರಿದರೆ ಅದೇ ಸ್ವರ 56.8 ಹರ್ಟ್ಜ್. ಇವೆರಡೂ ಒಟ್ಟಿಗೆ ಮೊಳಗಿದರೆ ಸೆಕೆಂಡಿಗೆ ಹೆಚ್ಚುಕಡಿಮೆ 1.8 ಸಲ ಒಂದನ್ನೊಂದು ಎತ್ತಿ, ಇಳಿಸಿ ಮಾಡುತ್ತವೆ. 124 ಬಿಪಿಎಂನಲ್ಲಿ ಕಿಕ್ ಬೀಳುವುದು ಸೆಕೆಂಡಿಗೆ 2.07 ಸಲ. ಬಾಸಿನ ಈ ಏರಿಳಿತ ಕಿಕ್ಕಿಗೆ ಹತ್ತಿರದ ವೇಗದಲ್ಲಿದ್ದರೂ ಕಿಕ್ ಜೊತೆ ಸೇರುವುದಿಲ್ಲ; ಒಂದು ಬೀಟಿನಲ್ಲಿ ಬಾಸ್ ಉಬ್ಬುತ್ತದೆ, ಮುಂದೆಲ್ಲೋ ಒಂದು ಬೀಟಿನಲ್ಲಿ ಮಾಯವಾಗುತ್ತದೆ. ಸಂಗೀತ ಗೊತ್ತಿಲ್ಲದವರಿಗೂ ‘ಏನೋ ಸರಿಯಿಲ್ಲ’ ಎನಿಸುವುದು ಇಲ್ಲೇ. ಮನೆಯಲ್ಲಿ ಅದೇ ಎರಡು ಟ್ರ್ಯಾಕು ಹಾಕಿ, ಹೆಡ್‌ಫೋನಿನಲ್ಲಿ ಬಾಸ್ ಮಾತ್ರ ಉಳಿಸಿಕೊಂಡು, ಕೀ ಲಾಕನ್ನು ಒಮ್ಮೆ ಹಾಕಿ ಒಮ್ಮೆ ತೆಗೆದು ಕೇಳಿ. ನಾನು ಬರೆದಿದ್ದಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ.

ಕೀ ಲಾಕ್ ಕಿಕ್ಕನ್ನು ಕೆಡಿಸುತ್ತದೆ ಎಂಬ ಮಾತಿನಲ್ಲೂ ಹುರುಳಿದೆ. ಶ್ರುತಿ ಬದಲಿಸದೆ ವೇಗ ಬದಲಿಸಬೇಕಾದರೆ ಸಾಫ್ಟ್‌ವೇರು ಶಬ್ದವನ್ನು ಸಣ್ಣಸಣ್ಣ ತುಂಡು ಮಾಡಿ ಮತ್ತೆ ಹೆಣೆಯಬೇಕಾಗುತ್ತದೆ. ಎಳೆದು ನಿಂತ ಸ್ವರಕ್ಕೆ ಇದರಿಂದ ಹೆಚ್ಚು ತೊಂದರೆಯಿಲ್ಲ. ಕಿಕ್ಕಿನಂಥ ಚುರುಕಾದ ಪೆಟ್ಟಿನ ಮೊದಲ ಅಂಚು ಮಾತ್ರ ಮೊಂಡಾಗುತ್ತದೆ. ಹಾಗೆಂದು ಕೀ ಲಾಕನ್ನು ಸದಾ ಆಫ್ ಇಡುವುದೂ ತಪ್ಪು, ಸದಾ ಆನ್ ಇಡುವುದೂ ತಪ್ಪು. ವೇಗದ ಬದಲಾವಣೆ ಶೇಕಡಾ 1ರ ಒಳಗಿದ್ದರೆ ನಾನು ಹಾಕುವುದಿಲ್ಲ. ಆ 17 ಸೆಂಟ್ ಕುಣಿಯುವ ಜಾಗದಲ್ಲಿ ಯಾರಿಗೂ ತೊಡಕಾಗುವುದಿಲ್ಲ. ಬರೀ ತಾಳವಾದ್ಯದ ಟ್ರ್ಯಾಕಾದರೂ ಹಾಕುವುದಿಲ್ಲ. ಗಾಯನ, ಕಾರ್ಡು (ಒಟ್ಟಿಗೆ ನುಡಿಸುವ ಸ್ವರಗಳು), ಸ್ಪಷ್ಟ ಬಾಸ್‌ಲೈನ್ ಇದ್ದು ಶೇಕಡಾ 1ರಿಂದ 5ರವರೆಗೆ ಎಳೆಯಬೇಕಾದಾಗ ಹಾಕಲೇಬೇಕು. ಅದಕ್ಕಿಂತ ಹೆಚ್ಚು ಎಳೆಯಬೇಕಾಗಿ ಬಂದರೆ ಬೇರೆ ಟ್ರ್ಯಾಕು ಹುಡುಕುವುದೇ ಮೇಲು. ಹೌಸ್ ಬಹುಪಾಲು 118ರಿಂದ 128ರ ಒಳಗೇ ಇರುತ್ತದೆ, ಆಯ್ಕೆಗೆ ಬರವಿಲ್ಲ.

ವಿನೈಲ್ ಕಾಲದವರಿಗೆ ಕೀ ಲಾಕ್ ಇರಲೇ ಇಲ್ಲ. 1979ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ಲಿನಲ್ಲಿ ಶೇಕಡಾ 8ರಷ್ಟು ಹಿಂದೆ ಮುಂದೆ ಮಾಡುವ ಜಾರುಗುಂಡಿ ಇತ್ತು, ಅಷ್ಟೇ. ವೇಗದೊಂದಿಗೆ ಶ್ರುತಿಯೂ ಜಾರುತ್ತಿತ್ತು. ಅದನ್ನು ಕಿವಿಯಿಂದಲೇ ಹಿಡಿಯುತ್ತಿದ್ದರು. 120ರ ಟ್ರ್ಯಾಕನ್ನು ಕೀ ಲಾಕ್ ಇಲ್ಲದೆ 127ಕ್ಕೆ ತಂದರೆ 98 ಸೆಂಟ್ ಏರುತ್ತದೆ, ಅಂದರೆ ಬಹುತೇಕ ಒಂದು ಪೂರ್ತಿ ಸೆಮಿಟೋನ್. ಆಗ ನಿಮ್ಮ 8ಎ ನಿಜವಾಗಿಯೂ 3ಎ ಆಗಿರುತ್ತದೆ, 3ಎ ಟ್ರ್ಯಾಕಿಗೆ ಸೊಗಸಾಗಿ ಕೂಡುತ್ತದೆ. ಹೆಚ್ಚು ತೊಂದರೆ ಕೊಡುವುದು ನಡುವಿನ ಶೇಕಡಾ 2ರಿಂದ 4ರ ಪಟ್ಟಿ. ನೀವು ಬಿದ್ದಿದ್ದು ಸರಿಯಾಗಿ ಅಲ್ಲೇ.

ಇನ್ನು ಆ ಚಕ್ರ. ಪಾಶ್ಚಾತ್ಯ ಸಂಗೀತದ ಪಂಚಮಗಳ ಚಕ್ರಕ್ಕೆ ಮಾರ್ಕ್ ಡೇವಿಸ್ ಎಂಬವರು ಗಡಿಯಾರದಂತೆ 1ರಿಂದ 12ರವರೆಗೆ ಅಂಕಿ ಹಾಕಿ, ಮೈನರಿಗೆ ಎ, ಮೇಜರಿಗೆ ಬಿ ಎಂದು ಗುರುತು ಕೊಟ್ಟರು. ಒಂದು ಹೆಜ್ಜೆ ಆಚೀಚೆ ಹೋಗಬಹುದು, ಅದೇ ಅಂಕಿಯಲ್ಲಿ ಎಯಿಂದ ಬಿಗೆ ಹೋಗಬಹುದು ಎಂದು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಯಾಕೆ ಹೋಗಬಹುದು ಎಂಬುದು, ವರ್ಣ ಕಲಿತ ನಿಮಗೆ, ಇತರರಿಗಿಂತ ಬೇಗ ಹಿಡಿಯುತ್ತದೆ.

8ಎ ಅಂದರೆ ಎ ಮೈನರ್. ಆರು ಮನೆಗೆ (ಹಾರ್ಮೋನಿಯಂನ ಎ ಸ್ವರಕ್ಕೆ) ಷಡ್ಜ ಇಟ್ಟು ನಟಭೈರವಿ ಹಾಡಿ, ಅದೇ ಸ್ವರಗಳು. 8ಬಿ ಅಂದರೆ ಸಿ ಮೇಜರ್, ಒಂದು ಮನೆಯ ಶಂಕರಾಭರಣ. ಶಂಕರಾಭರಣದ ಧೈವತವನ್ನು ಷಡ್ಜ ಮಾಡಿಕೊಂಡರೆ ನಟಭೈರವಿ ಬರುತ್ತದೆಂದು ಗ್ರಹಭೇದದ ಪಾಠದಲ್ಲಿ ಕೇಳಿರುತ್ತೀರಿ. 8ಎಯಿಂದ 8ಬಿಗೆ ಹೋಗುವಾಗ ನಡೆಯುವುದು ಅದೇ: ಒಂದು ಸ್ವರವೂ ಬದಲಾಗುವುದಿಲ್ಲ, ಆಧಾರ ಬದಲಾಗುತ್ತದೆ. ಈಗ 9ಎಗೆ, ಇ ಮೈನರಿಗೆ, ಹೋಗಿ. ಆರು ಮನೆಯ ಷಡ್ಜದಿಂದಲೇ ನೋಡಿದರೆ ಶುದ್ಧ ಧೈವತ ಚತುಶ್ರುತಿ ಧೈವತವಾಗುತ್ತದೆ, ನಟಭೈರವಿ ಹೋಗಿ ಖರಹರಪ್ರಿಯ ಬರುತ್ತದೆ. ಇತ್ತ 7ಎಗೆ, ಡಿ ಮೈನರಿಗೆ, ಇಳಿದರೆ ಚತುಶ್ರುತಿ ಋಷಭ ಶುದ್ಧ ಋಷಭವಾಗಿ ಹನುಮತೋಡಿಯ ಸ್ವರಗಳು ಬರುತ್ತವೆ. ಎರಡೂ ಕಡೆ ಬದಲಾಗುವುದು ಒಂದೇ ಸ್ವರ. ಚಕ್ರದಲ್ಲಿ ಎದುರಿಗಿರುವ 2ಎಗೆ ಹಾರಿದರೆ ಏಳರಲ್ಲಿ ಎರಡೇ ಸ್ವರ ಉಳಿಯುತ್ತವೆ. ಅಷ್ಟು ಅಪರಿಚಿತರನ್ನು ಒಟ್ಟಿಗೆ ಹಾಡಿಸುವುದು ಕಷ್ಟ.

ಇದರಿಂದ ಇನ್ನೊಂದು ತುಂಬ ಉಪಯೋಗದ ಮಾತು ಹೊರಡುತ್ತದೆ. 8ಎ, 9ಎ ಎರಡೂ ಜಗಳವಾಡುವುದು ಆ ಧೈವತ ಬಾಯಿಬಿಟ್ಟಾಗ ಮಾತ್ರ. ಹಾಡಿನ ಎಳೆಯಲ್ಲಿ ಧೈವತವೂ ಋಷಭವೂ ಇಲ್ಲದಿದ್ದರೆ? ಸ ಗ ಮ ಪ ನಿ, ಅಂದರೆ ಶುದ್ಧ ಧನ್ಯಾಸಿ. ಆರು ಮನೆಯ ಶುದ್ಧ ಧನ್ಯಾಸಿಯ ಐದೂ ಸ್ವರಗಳು 7ಎ, 8ಎ, 9ಎ ಮೂರರಲ್ಲೂ ಇವೆ. ಅದೇ ಐದು ಸ್ವರಗಳನ್ನು ಒಂದು ಮನೆಯಿಂದ ನೋಡಿದರೆ ಮೋಹನ. ಹೌಸಿನ ಎಷ್ಟೋ ಗಾಯನದ ತುಣುಕುಗಳು ಐದು ಸ್ವರದವೇ. ಅವು ಪಕ್ಕದ ಕೀಗಳ ಮೇಲೆ ನಿರಾತಂಕವಾಗಿ ತೇಲುವುದು ಇದರಿಂದಲೇ. ಹಾಗಾಗಿ ಟ್ರ್ಯಾಕಿನ ಅಂಕಿಗಿಂತ, ನೀವು ಸೇರಿಸುವ ಆ ಅರ್ಧ ನಿಮಿಷದಲ್ಲಿ ಯಾವ ಸ್ವರಗಳು ನಿಜವಾಗಿ ಮೊಳಗುತ್ತಿವೆ ಎಂಬುದನ್ನು ಕೇಳುವ ಅಭ್ಯಾಸ ಬೆಳೆಸಿಕೊಳ್ಳಿ. ಹೀಗೆ ಕೀ ನೋಡಿ ಹಾಡು ಸೇರಿಸುವ ಹಾರ್ಮಾನಿಕ್ ಮಿಕ್ಸಿಂಗ್ ಬಗ್ಗೆ ನನ್ನ ಗಟ್ಟಿ ಅಭಿಪ್ರಾಯ ಇದೊಂದೇ.

ಅಂಕಿಯನ್ನು ಪೂರ್ತಿ ನಂಬಬಾರದೆನ್ನಲು ಇನ್ನೂ ಕಾರಣಗಳಿವೆ. ಸಾಫ್ಟ್‌ವೇರಿಗೆ ಗೊತ್ತಿರುವುದು 24 ಕೀಗಳು, ಮೇಜರ್ ಮತ್ತು ಮೈನರ್. ಖರಹರಪ್ರಿಯದಂತೆ ಸಾಗುವ ಟ್ರ್ಯಾಕನ್ನೂ ಅದು ಯಾವುದೋ ಒಂದು ಮೈನರಿಗೆ ತುರುಕಲೇಬೇಕು. ಆರು ಮನೆಯದ್ದನ್ನು ಒಮ್ಮೆ 8ಎ ಅಂದೀತು, ಒಮ್ಮೆ 9ಎ ಅಂದೀತು. ಡೀಪ್ ಹೌಸಿನಲ್ಲಿ ಇನ್ನೊಂದು ಅಭ್ಯಾಸವಿದೆ. ಒಂದು ಮೈನರ್ ಸೆವೆಂತ್ ಕಾರ್ಡನ್ನು ಸ್ಯಾಂಪ್ಲರಿಗೆ ತುಂಬಿಕೊಂಡು ಒಂದೇ ಬೆರಳಿನಿಂದ ಮೇಲೆ ಕೆಳಗೆ ಓಡಾಡಿಸುತ್ತಾರೆ. ಕಾರ್ಡು ಇದ್ದ ಹಾಗೇ ಸರಿಯುವುದರಿಂದ ಎ ಮೈನರ್ ಎಂದು ಗುರುತಿಸಿದ ಟ್ರ್ಯಾಕಿನಲ್ಲಿ ಜಿ ಮೈನರ್ ಸೆವೆಂತ್ ಬಂದು, ಅದರೊಂದಿಗೆ ಬಿ ಫ್ಲ್ಯಾಟ್ ನುಸುಳುತ್ತದೆ. ಆ ಸಂಗೀತದ ಚೆಲುವೇ ಅದು, ಆದರೆ ಚಕ್ರದ ಲೆಕ್ಕಕ್ಕೆ ಸಿಗುವುದಿಲ್ಲ. ಟ್ರ್ಯಾಕ್ಟರ್ ಎಂಬ ಡಿಜೆ ಸಾಫ್ಟ್‌ವೇರ್ ಬಳಸುವ ಗೆಳೆಯರಿಂದ ಪಟ್ಟಿ ಪಡೆದಿದ್ದರೆ ಇನ್ನೊಂದು ಎಚ್ಚರ: ಅದರ ಓಪನ್ ಕೀ ಪದ್ಧತಿಯಲ್ಲಿ ಎ ಮೈನರ್ 1ಎಂ. ಅಲ್ಲಿನ 8ಎಂ ನಿಮ್ಮ 8ಎ ಅಲ್ಲ, 3ಎ.

ಪರೀಕ್ಷೆ ಸುಲಭ. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ, ಆರು ಮನೆಗೆ ಶ್ರುತಿ ಮಾಡಿ, 8ಎ ಎಂದು ಬರೆದಿರುವ ಟ್ರ್ಯಾಕನ್ನು ಮೂಲ ವೇಗದಲ್ಲಿ ಓಡಿಸಿ. ಬಾಸ್ ಬಂದು ಷಡ್ಜದಲ್ಲಿ ಕುಳಿತರೆ ಅಂಕಿ ಸರಿ. ಮೂರು ಮನೆಗೋ ಎರಡು ಮನೆಗೋ ತಿರುಗಿಸಿದಾಗ ನೆಮ್ಮದಿಯಾಗಿ ಕುಳಿತರೆ ಅದು 9ಎ ಅಥವಾ 7ಎ. ಯಾವ ಮನೆಗೂ ಕೂರದೆ ಸ್ವಲ್ಪ ಮೇಲೋ ಕೆಳಗೋ ನಿಂತರೆ, ಹಳೆಯ ವಿನೈಲಿನಿಂದ ಇಳಿಸುವಾಗ ವೇಗ ಆಚೀಚೆ ಆಗಿದೆ ಎಂದುಕೊಳ್ಳಿ. ನಿಮ್ಮ ಸಂಗ್ರಹದಲ್ಲಿ ಪದೇಪದೇ ಹಾಕುವ ಟ್ರ್ಯಾಕುಗಳನ್ನಾದರೂ ಹೀಗೆ ಕೇಳಿ, ಕಾಮೆಂಟ್ ಜಾಗದಲ್ಲಿ ನಿಮ್ಮದೇ ಗುರುತು ಬರೆದಿಡಿ.

ಕೀ ನಿಜವಾಗಿಯೂ ಒಂದೇ ಆಗಿದ್ದು, ಕೀ ಲಾಕೂ ಹಾಕಿದ್ದು, ಆದರೂ ಕಲಸಿದಂತೆ ಕೇಳಿಸಿದರೆ ದೋಷ ಸಾಮಾನ್ಯವಾಗಿ ಫ್ರೇಸಿನದು. ಹೌಸ್ ನಾಲ್ಕರ ಲೆಕ್ಕದಲ್ಲಿ ಕಟ್ಟಿದ ಸಂಗೀತ: ನಾಲ್ಕು ಬೀಟಿಗೆ ಒಂದು ಬಾರ್, ಎಂಟು ಬಾರಿಗೆ ಒಂದು ಫ್ರೇಸ್, ಒಟ್ಟು 32 ಬೀಟ್. 124ರಲ್ಲಿ ಅದು ಹದಿನೈದೂವರೆ ಸೆಕೆಂಡ್. ಕಾರ್ಡುಗಳೂ ಈ ಆವರ್ತದಲ್ಲೇ ಸುತ್ತುತ್ತವೆ. ಒಂದು ಟ್ರ್ಯಾಕು ಎ ಮೈನರ್ ಕಾರ್ಡಿನಲ್ಲಿರುವಾಗ ಇನ್ನೊಂದು ಎರಡು ಬಾರ್ ಮುಂದೆ ಹೋಗಿ ಎಫ್ ಮೇಜರಿನಲ್ಲಿದ್ದರೆ, ಎರಡೂ 8ಎ ಆಗಿದ್ದರೂ ಪರಸ್ಪರ ಬೇರೆ ಮಾತಾಡುತ್ತಿರುತ್ತವೆ. ಸಮದಲ್ಲಿ ಎತ್ತಬೇಕಾದ ಪಲ್ಲವಿಯನ್ನು ಆವರ್ತದ ನಡುವೆ ಎತ್ತಿದರೆ ಆಗುವ ತೊಡಕೇ ಇಲ್ಲೂ ಆಗುವುದು. ಸಿಂಕ್ ಗುಂಡಿ ಬೀಟಿಗೆ ಬೀಟನ್ನು ಕೂಡಿಸುತ್ತದೆ; 32ರಲ್ಲಿ ಒಂದನೆಯದು ಯಾವುದು ಎಂದು ಕೇಳಿಸಿಕೊಳ್ಳುವುದು ನಿಮ್ಮ ಕೆಲಸ. ಕೈಯಲ್ಲಿ ತಾಳ ಹಾಕಿ ಎಣಿಸಿ. ಕೆಲವೇ ವಾರಗಳಲ್ಲಿ ಎಣಿಸದೆಯೂ ಗೊತ್ತಾಗತೊಡಗುತ್ತದೆ.

ಎರಡು ಬಾಸ್‌ಲೈನನ್ನು ಮಾತ್ರ ಎಂದೂ ಒಟ್ಟಿಗೆ ಬಿಡಬೇಡಿ. ಹೊಸ ಟ್ರ್ಯಾಕನ್ನು ಬಾಸ್ ಕತ್ತರಿಸಿಯೇ ಒಳಗೆ ತನ್ನಿ; ಫ್ರೇಸ್ ತಿರುಗುವ ಒಂದನೆಯ ಬೀಟಿನಲ್ಲಿ ಹಳೆಯದರ ಬಾಸ್ ತೆಗೆದು ಹೊಸದರದ್ದು ಕೊಡಿ. ಒಟ್ಟಿಗೆ ಎರಡು ಗಾಯನವೂ ಬೇಡ.

ಛತ್ರ ಅಂದಿರಿ, ಹಾಗಾಗಿ ಕೇಳುತ್ತೇನೆ: ನಿಮ್ಮ ಮೇಜು ಎಲ್ಲಿತ್ತು? ನಮ್ಮ ಕಡೆಯ ಕಲ್ಯಾಣ ಮಂಟಪಗಳಲ್ಲಿ ದೊಡ್ಡ ಸ್ಪೀಕರುಗಳು ವೇದಿಕೆಯ ಎರಡು ಬದಿಗೆ, ಡಿಜೆ ಮೇಜು ಎಲ್ಲೋ ಊಟದ ಹಾಲಿನ ಬಾಗಿಲ ಹತ್ತಿರ ಇರುವುದೇ ಹೆಚ್ಚು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಸ್ಪೀಕರು 10 ಮೀಟರ್ ದೂರವಿದ್ದರೆ ನಿಮ್ಮ ಕಿವಿಗೆ ಬರುವ ಕಿಕ್ 29 ಮಿಲಿಸೆಕೆಂಡ್ ತಡ. ಒಂದು ಕಿವಿಯಲ್ಲಿ ಹೆಡ್‌ಫೋನ್, ಇನ್ನೊಂದು ಕಿವಿಯಲ್ಲಿ ಹಾಲಿನ ಶಬ್ದ ಇಟ್ಟುಕೊಂಡು ಬೀಟ್ ಕೂಡಿಸಿದರೆ ಅಷ್ಟೂ ತಪ್ಪನ್ನು ನೀವೇ ಕೈಯಾರೆ ಹಾಕಿದ ಹಾಗೆ. ಒಂದು ಕಿಕ್ ಬೀಳುವಲ್ಲಿ ‘ತಕ್’ ಎಂದು ಎರಡು ಬೀಳುತ್ತವೆ. ಒಂದು ಸಣ್ಣ ಮಾನಿಟರ್ ಸ್ಪೀಕರನ್ನು ಪಕ್ಕದಲ್ಲೇ ಇಡಿಸಿಕೊಳ್ಳಿ. ಅದು ಸಿಗದಿದ್ದರೆ ಮಿಕ್ಸರಿನ ಕ್ಯೂ ಮಿಕ್ಸ್ ಗುಂಡಿ ತಿರುಗಿಸಿ ಎರಡೂ ಟ್ರ್ಯಾಕನ್ನು ಹೆಡ್‌ಫೋನಿನಲ್ಲೇ ಕೇಳಿ. ಸೌಂಡಿನವರ ಹತ್ತಿರ ಸಂಜೆಯೇ ಮಾತಾಡಿ, ಅವರು ಕೇಬಲ್ ಎಳೆಯುವ ಮುನ್ನ.

ಕೀ ಹೊಂದದ ಹಾಡು ಹಾಕಬಾರದೇ ಎಂದು ಕೇಳಿದ್ದೀರಿ. ಖಂಡಿತ ಹಾಕಿ. ಹೌಸ್ ಎಂಬ ಸಂಗೀತ ಹುಟ್ಟಿದ್ದು ಷಿಕಾಗೋದಲ್ಲಿ. 1977ರಿಂದ ಅಲ್ಲಿನ ವೇರ್‌ಹೌಸ್ ಕ್ಲಬ್ಬಿನಲ್ಲಿ ಫ್ರ್ಯಾಂಕಿ ನಕಲ್ಸ್ ಡಿಸ್ಕೋ, ಸೋಲ್, ಯುರೋಪಿನ ಸಿಂಥ್ ಹಾಡುಗಳನ್ನು ಬೆಸೆಯುತ್ತಿದ್ದಾಗ ಇಂಥ ಅಂಕಿಗಳ ಆಸರೆಯೇ ಇರಲಿಲ್ಲ. ಕಿವಿ ಮತ್ತು ತಾಳ, ಎರಡೇ ಆಧಾರ. ರೋಲೆಂಡ್ ಟಿಆರ್-909ನಂಥ ಡ್ರಮ್ ಮಷೀನುಗಳು ಬಂದ ಮೇಲೆ ಟ್ರ್ಯಾಕಿನ ಮೊದಲಿಗೂ ಕೊನೆಗೂ ಬರೀ ತಾಳದ ಭಾಗ ಇಡುವುದು ರೂಢಿಯಾಯಿತು. ಆ ಭಾಗ ಇರುವುದೇ ನಿಮ್ಮಂಥವರಿಗಾಗಿ. ಸ್ವರವೇ ಇಲ್ಲದ ಕಡೆ ಯಾವ ಕೀಯಿಂದ ಯಾವ ಕೀಗೆ ಬೇಕಾದರೂ ದಾಟಬಹುದು.

ಇನ್ನೂ ಮುಂದೆ ಹೋಗಿ ಹೇಳುತ್ತೇನೆ: ಇಡೀ ರಾತ್ರಿ 8ಎ, 9ಎ, 8ಎ ಎಂದು ಸುತ್ತಿದರೆ ಸೆಟ್ಟು ಜೀವ ಕಳೆದುಕೊಳ್ಳುತ್ತದೆ. ಜನ ಬಿಸಿಯಾಗಿ ಕುಣಿಯುತ್ತಿರುವಾಗ 8ಎಯಿಂದ 3ಎಗೆ, ಅಂದರೆ ಒಂದು ಸೆಮಿಟೋನ್ ಮೇಲಕ್ಕೆ, ಇಲ್ಲವೇ 10ಎಗೆ, ಅಂದರೆ ಎರಡು ಸೆಮಿಟೋನ್ ಮೇಲಕ್ಕೆ ಹಾರಿದರೆ ಹಾಲಿಗೆ ಹಾಲೇ ಎದ್ದು ನಿಲ್ಲುತ್ತದೆ. ಷರತ್ತು ಒಂದೇ, ಅಂಥ ಹಾರಿಕೆಯಲ್ಲಿ ಎರಡರ ಸ್ವರಗಳು ಒಂದರ ಮೇಲೊಂದು ಬೀಳಬಾರದು. ಕಿಕ್ ನಿಲ್ಲುವ ಭಾಗ, ಅಂದರೆ ಬ್ರೇಕ್‌ಡೌನ್, ಮುಗಿಯುವ ಬೀಟಿನಲ್ಲಿ ಒಂದನ್ನು ಕಡಿದು ಇನ್ನೊಂದನ್ನು ಬಿಡಿ. ನಿಧಾನಕ್ಕೆ ಕರಗಿಸುವ ಉದ್ದ ಮಿಕ್ಸಿಗೆ ಪಕ್ಕದ ಕೀ ಬೇಕು, ದಿಢೀರ್ ಹಾರಿಕೆಗೆ ದೂರದ ಕೀಯೇ ಚೆನ್ನ.

ಕನ್ನಡದ ದನಿಯ ವಿಷಯಕ್ಕೆ ಬರೋಣ. ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದು. 100 ಬಿಪಿಎಂನ ಸಿನಿಮಾ ಹಾಡನ್ನು 124ಕ್ಕೆ ಎಳೆಯಬೇಡಿ. ಶೇಕಡಾ 24 ಎಳೆದರೆ ಯಾವ ಕೀ ಲಾಕೂ ಗಾಯಕರ ಉಸಿರನ್ನು ಉಳಿಸುವುದಿಲ್ಲ, ಅಕ್ಷರಗಳು ಪುಡಿಯಾಗುತ್ತವೆ. 60-63ರ ನಿಧಾನದ ಹಾಡಾದರೆ ದಾರಿ ಇದೆ: ಅದರ ಒಂದು ಬೀಟಿಗೆ ಹೌಸಿನ ಎರಡು ಬೀಟು. ಹಳೆಯ ಹಾಡುಗಳಲ್ಲಿ ಇಡೀ ವಾದ್ಯವೃಂದ ಒಟ್ಟಿಗೆ ಕೂತು ನುಡಿಸಿರುತ್ತದೆ, ಲಯ ಉಸಿರಾಡುತ್ತಿರುತ್ತದೆ. ಪರದೆಯ ಮೇಲಿನ ಬಿಪಿಎಂ ಬರೀ ಸರಾಸರಿ. ಬಿಪಿಎಂನಲ್ಲಿ 0.1 ವ್ಯತ್ಯಾಸವಿದ್ದರೂ ಒಂದು ನಿಮಿಷಕ್ಕೆ 48 ಮಿಲಿಸೆಕೆಂಡ್ ಜಾರುತ್ತದೆ. ಆದ್ದರಿಂದ ಅಂಥ ಹಾಡಿನ ಪೂರ್ತಿ ಚರಣವನ್ನು ಓಡಿಸದೆ, ನಾಲ್ಕು ಬಾರಿನ ಒಂದು ಸಾಲನ್ನು ಲೂಪ್ ಮಾಡಿ, ಬೀಟ್‌ಗ್ರಿಡ್ಡನ್ನು (ಸಾಫ್ಟ್‌ವೇರು ಬೀಟುಗಳಿಗೆ ಎಳೆದ ಗೆರೆಗಳನ್ನು) ಆ ಸಾಲಿಗಷ್ಟೇ ಕೈಯಿಂದ ಸರಿಪಡಿಸಿಕೊಳ್ಳಿ. ತಿಶ್ರ ನಡೆಯ, ಅಂದರೆ ಮೂರರ ಲೆಕ್ಕದ, ತಮಟೆಯನ್ನು ನೇರ ನಾಲ್ಕರ ಕಿಕ್ ಮೇಲೆ ಉದ್ದಕ್ಕೆ ಹರಿಸಬೇಡಿ. ಕಿಕ್ ನಿಲ್ಲಿಸಿ ತಮಟೆಯನ್ನು ಒಂದು ಫ್ರೇಸ್ ಪೂರ್ತಿ ಒಂಟಿಯಾಗಿ ಮೊಳಗಲು ಬಿಟ್ಟು, ಆಮೇಲೆ ಕಿಕ್ ತನ್ನಿ. ಮಂಡ್ಯದ ಜನಕ್ಕೆ ಆ ಜಾಗದಲ್ಲಿ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ.

ತಾಳವಿಲ್ಲದ ದನಿ ಇದೆಲ್ಲಕ್ಕಿಂತ ಚೆನ್ನ. ಆಲಾಪನೆ, ಉಗಾಭೋಗ, ಗಮಕಿಗಳು ವಾಚಿಸುವ ಒಂದು ಕಂದಪದ್ಯ. ಇವಕ್ಕೆ ಬಿಪಿಎಂ ಇಲ್ಲ, ಆದ್ದರಿಂದ ವೇಗ ಕೂಡಿಸುವ ಗೋಜೇ ಇಲ್ಲ. ಶ್ರುತಿಯೊಂದು ಸೇರಿದರೆ ಸಾಕು. ಅಂತರ್ಜಾಲದಿಂದ ಇಳಿಸಿ ಕೀ ಶಿಫ್ಟ್ ಮಾಡುವ ಬದಲು ಹಾಡುವ ಗೆಳೆಯರನ್ನೇ ಕೇಳಿ, ಅವರ ಒಪ್ಪಿಗೆ ಪಡೆದು, ನಿಮ್ಮ ಟ್ರ್ಯಾಕಿನ ಷಡ್ಜಕ್ಕೇ ತಂಬೂರಿ ಇಟ್ಟು ರೆಕಾರ್ಡ್ ಮಾಡಿ. ಆರು ಮನೆ ಗಂಡಸರ ಕಂಠಕ್ಕೆ ಎತ್ತರವಾದೀತು. ಒಂದು ಮನೆಗೋ ಎರಡು ಮನೆಗೋ ಒಪ್ಪುವ ಟ್ರ್ಯಾಕನ್ನು ಆರಿಸಿ, ಕಂಠವನ್ನು ಹಿಂಸಿಸಬೇಡಿ. ರಾಗ ಶುದ್ಧ ಧನ್ಯಾಸಿ, ಮೋಹನ, ಮಧ್ಯಮಾವತಿಯಂಥದ್ದಿರಲಿ. ತೋಡಿಯ ಗಾಂಧಾರದ ಕಂಪನ ಸಿಂಥಿನ ಸಮಪಾಲು ಸ್ವರಗಳ ಕಾರ್ಡಿನ ಪಕ್ಕದಲ್ಲಿ ಕೂರುವುದಿಲ್ಲ, ಎರಡಕ್ಕೂ ಅನ್ಯಾಯ. ಕೆಳಗೆ ಕಾರ್ಡು ತುಂಬಬೇಡಿ. ಷಡ್ಜ ಪಂಚಮ ಎರಡೇ ಹಿಡಿದಿರುವ ಪ್ಯಾಡ್ ಸಾಕು. ಹಿಂದಿನ ಟ್ರ್ಯಾಕಿನ ಬ್ರೇಕ್‌ಡೌನಿನಲ್ಲಿ ಕಿಕ್ ನಿಂತ ಮೇಲೆ ದನಿಯನ್ನು ಬಿಡಿ. ಹಾಡುವವರು ಷಡ್ಜಕ್ಕೆ ಬಂದು ನಿಂತ ಮೇಲೂ 32 ಬೀಟಿನ ಎಣಿಕೆ ಒಳಗೊಳಗೆ ನಡೆಯುತ್ತಿರಲಿ, ಮುಂದಿನ ಒಂದನೆಯ ಬೀಟಿಗೆ ಬಾಸ್ ಸಮೇತ ಹೊಸ ಟ್ರ್ಯಾಕು ಕೊಡಿ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕಾದ ನಿಯಮ ಇರುವುದರಿಂದ, ಇದನ್ನು ಕೊನೆಗೆಂದು ಎತ್ತಿಡದೆ ಒಂಬತ್ತೂಕಾಲರ ಹೊತ್ತಿಗೇ ಹಾಕಿಬಿಡಿ.